ಬೀಸುಕಲ್ಲಿನ ಇಂಗ್ಲಿಷು

ನನಗೆ ಇಂಗ್ಲಿಷ್ ಬರುತ್ತದೆ ಎಂದು ಯಾರಾದರೂ ಹೊಗಳಿದರೆ ನನ್ನ ಬಲಗೈ ತಾನಾಗಿಯೇ ಬೀಸುಕಲ್ಲು ತಿರುಗಿಸುವವರ ಹಾಗೆ ಸುತ್ತತೊಡಗುತ್ತದೆ. ಮೊಮ್ಮಕ್ಕಳು ನೋಡಿ ನಗುತ್ತಾರೆ, ಅಜ್ಜಿಗೆ ವಾಯು ಹಿಡಿದಿದೆ ಎನ್ನುತ್ತಾರೆ. ವಾಯು ಅಲ್ಲ, ನಾಚಿಕೆ. ಆ ಕೈಗೆ ನನಗಿಂತ ಸ್ವಲ್ಪ ಹೆಚ್ಚೇ ನೆನಪಿದೆ.

ನಾನು ಆಳಂದದ ಮಗಳು, ಅಫಜಲಪುರ ತಾಲೂಕಿನ ಗೊಬ್ಬೂರಿನ ಸೊಸೆ. ನಮ್ಮ ಕಡೆ ಸೊಸೆಯರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ತವರೂರೇ ಹೆಸರಾಗಿಬಿಡುತ್ತದೆ. ಹಾಗಾಗಿ ನಾನು ಆಳಂದಾಕಿ. ನನಗಿಂತ ಮೊದಲು ಆ ಮನೆ ಹೊಕ್ಕವಳು, ಅಂದರೆ ನನ್ನ ಭಾವನ ಹೆಂಡತಿ, ಜೇವರ್ಗಿ ಕಡೆಯ ಕೊಳಕೂರಿನವಳು. ಅವಳು ಕೊಳಕೂರಾಕಿ. ನಾನು ಮಾತ್ರ ಅಕ್ಕ ಎನ್ನುತ್ತಿದ್ದೆ. ನಸುಕಿನಲ್ಲಿ ನಾವಿಬ್ಬರೂ ಎದುರುಬದುರು ಕಾಲು ಚಾಚಿ ಕುಳಿತು ಒಂದೇ ಗೂಟ ಹಿಡಿದು ಜೋಳ ಬೀಸುತ್ತಿದ್ದೆವು. ನೆಗೆಣ್ಣಿಯರು ಒಬ್ಬರ ಮುಖ ಒಬ್ಬರು ನೋಡಲಾಗದು ಎನ್ನುತ್ತಾರೆ, ನಮಗೆ ದಿನ ಶುರುವಾಗುತ್ತಿದ್ದದ್ದೇ ಆ ಮುಖ ನೋಡಿ.

ನನ್ನ ಯಜಮಾನರು ಸೋಲಾಪುರದ ಒಂದು ಕಚೇರಿಯಲ್ಲಿ ಗುಮಾಸ್ತರು. ನಮ್ಮದು ನಿಜಾಮರ ಸೀಮೆ, ಇಲ್ಲಿ ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಸೋಲಾಪುರ ಇಂಗ್ರೇಜಿ ಸೀಮೆ, ಅಲ್ಲಿ ಇಂಗ್ಲಿಷ್ ಬಂದವನೇ ಮನುಷ್ಯ. ಅಲ್ಲಿಯ ಗೆಳೆಯರ ಹೆಂಡಂದಿರು ಮನೆಗೆ ಬಂದವರೊಡನೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಇವರು ಕಂಡಿದ್ದರಂತೆ. ಒಮ್ಮೆ ಊರಿಗೆ ಬಂದಾಗ ನನ್ನ ಕೈಗೊಂದು ಪುಸ್ತಕ ಕೊಟ್ಟರು. ಪುಟದ ಒಂದು ಕಡೆ ಇಂಗ್ಲಿಷ್ ಮಾತು, ಅದನ್ನು ಹೇಳುವ ಬಗೆ ಮರಾಠಿ ಬರೆಯುವ ಬಾಳಬೋಧ ಅಕ್ಷರದಲ್ಲಿ, ಪಕ್ಕದಲ್ಲಿ ಮರಾಠಿಯಲ್ಲಿ ಅರ್ಥ, ಕೆಳಗೆ ಆ ಮಾತು ಬಳಸಿದ ವಾಕ್ಯ. ಆಳಂದದ ಖಾಸಗಿ ಸಾಲೆಯಲ್ಲಿ ಕಲಿಸುತ್ತಿದ್ದ ನನ್ನಪ್ಪ ನನಗೆ ಕನ್ನಡವನ್ನೂ ಬಾಳಬೋಧವನ್ನೂ ಓದಲು ಕಲಿಸಿದ್ದ. ಅದೇ ನನ್ನ ಬಂಡವಾಳ.

"ಬರೇ ಗಿಣಿಪಾಠ ಆಗಬಾರದು," ಎಂದರು ಯಜಮಾನರು. "ಅರ್ಥ ಗೊತ್ತಿರಬೇಕು, ಬಳಸಾಕೂ ಬರಬೇಕು. ದಸರಾಕ್ಕ ಬಂದಾಗ ಕೇಳ್ತೇನಿ. ಬಂತಂದ್ರ ಸೋಲಾಪುರದಾಗ ಮನಿ ಹಿಡೀತೇನಿ. ಬರಲಿಲ್ಲಂದ್ರ ನೀ ಇಲ್ಲೇ ಇರು."

ಇಲ್ಲೇ ಇರು ಎಂಬ ಮಾತಿನ ತೂಕ ಗೊಬ್ಬೂರಿನ ಆ ಮನೆಯಲ್ಲಿ ಇದ್ದವರಿಗೇ ಗೊತ್ತು. ಅತ್ತೆ ಕೆಟ್ಟವರಲ್ಲ, ಆದರೆ ಅವರ ಬಾಯಿಗೆ ರಜೆ ಎಂಬುದು ಇರಲಿಲ್ಲ. ಕಾಳಿನ ಕೋಣೆಯ ಕೀಲಿ ಅವರ ಸೊಂಟದಲ್ಲಿ, ಅವರು ಅಳೆದು ಕೊಟ್ಟಷ್ಟೇ ಜೋಳ ಕಲ್ಲಿಗೆ. ನಾನು ಹದಿನೇಳರ ಹುಡುಗಿ, ಗಂಡನ ಮುಖ ವರ್ಷಕ್ಕೆ ಎರಡು ಮೂರು ಸಲ ಕಂಡರೆ ಹೆಚ್ಚು. ಹೋಗಬೇಕು, ಅವರ ಜೊತೆ ಇರಬೇಕು ಎಂದು ಜೀವ ಬಡಿದುಕೊಳ್ಳುತ್ತಿತ್ತು. ಅಕ್ಕನನ್ನು ಬಿಟ್ಟು ಹೋಗಬೇಕಾಗುತ್ತದೆ ಎಂಬುದು ಆಗ ತಲೆಗೇ ಹೊಳೆಯಲಿಲ್ಲ ಎಂದರೆ ಅದು ಸುಳ್ಳು. ಹೊಳೆದಿತ್ತು, ಪಕ್ಕಕ್ಕೆ ಸರಿಸಿದೆ.

ಕಲಿಯುವುದು ಯಾವಾಗ? ಯುದ್ಧದ ಕಾಲ, ಸೀಮೆಎಣ್ಣೆಗೆ ಬರ, ಸಂಜೆಯಾದರೆ ದೀಪ ಹಚ್ಚಿ ಪುಸ್ತಕ ಹಿಡಿದವಳಿಗೆ ಅತ್ತೆ ಮಂಗಳಾರತಿ ಮಾಡುತ್ತಿದ್ದರು. ಹಗಲೆಲ್ಲ ಕೆಲಸ. ಇದಕ್ಕೊಂದು ದಾರಿ ಹುಡುಕಿದವಳು ಅಕ್ಕ. ಮಧ್ಯಾಹ್ನ ಬಾವಿಯಿಂದ ನೀರು ತರುವ ನನ್ನ ಸರದಿಯನ್ನು ಅವಳೇ ಹೊತ್ತಳು. ಆ ಹೊತ್ತಿನಲ್ಲಿ ನಾನು ಕೊಟ್ಟಿಗೆಯ ಮೂಲೆಯಲ್ಲಿ ಕುಳಿತು ನಾಲ್ಕಾರು ಮಾತು ನೋಡಿಟ್ಟುಕೊಳ್ಳಬೇಕು. ನಸುಕಿನಲ್ಲಿ ಕತ್ತಲಲ್ಲೇ ಬೀಸುವಾಗ ಅವನ್ನು ಬಾಯಿಂದ ಹೇಳಬೇಕು.

"ಸುಮ್ಮ ಹೇಳಿದ್ರ ನಿಲ್ಲೂದಿಲ್ಲ ಬೇ," ಎಂದಳು ಅಕ್ಕ. "ಬೀಸೂ ಪದಕ್ಕ ಹಚ್ಚು. ಕಲ್ಲಿಗಿ ಹಚ್ಚಿದ ಮಾತು ಸಾಯೂತನ ಮರಿಯೂದಿಲ್ಲ."

ಬೀಸುವ ಹಾಡಿನ ಧಾಟಿಯನ್ನು ಅವಳೇ ಹಾಕಿದಳು. ಮೊದಲು ರೂಢಿಯಂತೆ ಕಲ್ಲಿಗೆ ಶರಣು ಹೇಳಿ, ಆಮೇಲೆ ನನ್ನ ಪುಸ್ತಕ. ವಾಟರ ಅಂದರ ನೀರ, ಡೋರ ಅಂದರ ಕದ, ಫೈರ ಅಂದರ ಬೆಂಕಿ ನನ ತಾಯಿ. ಮೂರು ಮಾತಿಗೊಂದು ನುಡಿ. ನಾನು ಮರಾಠಿಯ ಅರ್ಥವನ್ನು ಕನ್ನಡಕ್ಕೆ ತಂದು ಕೊಟ್ಟರೆ ಅವಳು ಅದನ್ನು ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕೂರಿಸುತ್ತಿದ್ದಳು. ಓದು ಬರಹ ಅವಳಿಗೆ ಬರುತ್ತಿರಲಿಲ್ಲ. ಆದರೆ ಒಮ್ಮೆ ಹಾಡಿದ ನುಡಿ ಅವಳಿಗೆ ಮರುದಿನ ಬರುತ್ತಿತ್ತು, ನನಗೆ ಅದರ ಮರುದಿನ.

ಪುಸ್ತಕದಲ್ಲಿ ಸ್ನೋ ಎಂಬ ಮಾತು ಬಂದಾಗ ನಾನು ಸೋತೆ. ಮುಗಿಲಿನಿಂದ ಬೀಳುತ್ತದಂತೆ, ಬೆಳ್ಳಗಿರುತ್ತದಂತೆ, ತಣ್ಣಗಿರುತ್ತದಂತೆ ಎಂದು ಹೇಳಿದೆ. ಅಕ್ಕ ಕಲ್ಲಿನ ಸುತ್ತ ಉದುರಿದ ಹಿಟ್ಟನ್ನು ಕೈಯಲ್ಲಿ ಹಿಡಿದು, "ಹಂಗಾದ್ರ ಅಲ್ಲೂ ಯಾರೋ ಪಾಪ ನಮ್ಮಂಗ ಬೀಸಾಕತ್ಯಾರ," ಎಂದಳು. ಈಗಲೂ ಹಿಮದ ಚಿತ್ರ ಎಲ್ಲಿ ಕಂಡರೂ ನನಗೆ ಮೇಲೆ ಕುಳಿತು ಬೀಸುವ ಹೆಂಗಸೇ ಕಾಣುತ್ತಾಳೆ.

ಅರ್ಥ ಕಲಿತರೆ ಸಾಲದು, ಬಳಸಬೇಕಲ್ಲ. ಅದಕ್ಕೂ ಅಕ್ಕನದೇ ಏರ್ಪಾಡು. ಅಡುಗೆಮನೆಯಲ್ಲಿ ನಾವು ವಾಟರ್ ಕೊಡು, ಡೋರ್ ಮುಂದ ಮಾಡು, ಸಾಲ್ಟ್ ಎಲ್ಲೈತಿ ಎಂದು ಮಾತಾಡತೊಡಗಿದೆವು. ಅತ್ತೆಗೆ ಅನುಮಾನ ಬಂತು. "ಏನ್ರೆ ಇಬ್ಬರೂ ಕೂಡಿ ನನಗ ಬೈಯಾಕತ್ತೀರಿ?" ಎಂದು ಕೇಳಿದರು. ಅಕ್ಕ ಥಟ್ಟನೆ, "ಇಲ್ರಿ ಅತ್ತಿ, ಮದರ್ ಅಂದೀವಿ. ಮದರ್ ಅಂದ್ರ ತಾಯಿ. ನಿಮಗೇ ಅಂದದ್ದು," ಎಂದಳು. ಅತ್ತೆ ಅಂದು ಜೋಳ ಅಳೆಯುವಾಗ ಒಂದು ಹಿಡಿ ಹೆಚ್ಚು ಹಾಕಿದರು. ಪ್ರೀತಿಯಿಂದ ಹಾಕಿದ ಹಿಡಿಯನ್ನೂ ಬೀಸಬೇಕಾದವರು ನಾವೇ ಅಲ್ಲವೆ!

ನಾವೇ ಎಂದೆ. ಅಲ್ಲಿಯೇ ಇದೆ ಮುಳ್ಳು. ನನ್ನದೊಂದು ದುರ್ಗುಣ, ಬಾಯಿ ನಡೆದರೆ ಕೈ ನಿಲ್ಲುತ್ತದೆ. ಮಾತನ್ನು ನೆನಪಿಸಿಕೊಳ್ಳುವಾಗ ನನ್ನ ಕೈ ಗೂಟದ ಮೇಲೆ ಇರುತ್ತಿತ್ತು ಅಷ್ಟೇ, ಕಲ್ಲನ್ನು ತಿರುಗಿಸುತ್ತಿದ್ದವಳು ಅಕ್ಕ ಒಬ್ಬಳೇ. ಇಬ್ಬರ ಕಲ್ಲನ್ನು ಒಬ್ಬಳು ಎಳೆಯುವುದೆಂದರೆ ಏನೆಂದು ಬೀಸಿದವರಿಗೆ ಹೇಳಬೇಕಿಲ್ಲ. ನನಗೆ ಗೊತ್ತಾಗಿ ಕೈ ಬಿಗಿ ಮಾಡಿದರೆ ಅವಳೇ ತಡೆಯುತ್ತಿದ್ದಳು. "ನೀ ಹಾಡು, ನಾ ಬೀಸ್ತೇನಿ," ಎನ್ನುತ್ತಿದ್ದಳು. ಮೊದಮೊದಲು ಸಂಕೋಚವಾಯಿತು, ಬರಬರುತ್ತ ರೂಢಿಯಾಯಿತು.

ಒಂದು ದಿನ ರೊಟ್ಟಿ ಬಡಿಯುವಾಗ ಬೆಳಕಿನಲ್ಲಿ ಅವಳ ಅಂಗೈ ಕಂಡೆ. ಹಳೆಯ ಜಡ್ಡಿನ ಮೇಲೆ ಹೊಸ ಬೊಕ್ಕೆ ಎದ್ದು ಒಡೆದಿತ್ತು. ನನ್ನ ಅಂಗೈ ನೋಡಿಕೊಂಡೆ. ಮದುವೆಯ ಹೊತ್ತಿಗೆ ಹೇಗಿತ್ತೋ ಹಾಗೆ ಮೆತ್ತಗಾಗತೊಡಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಾನು ಕಲಿತ ಒಂದೊಂದು ಮಾತೂ ಆ ಕೈಯಿಂದ ಬಂದದ್ದು ಎಂದು ಅನ್ನಿಸಿತು. ಆ ಕೈ ದುಡಿಯುತ್ತಿದ್ದದ್ದಾದರೂ ಯಾತಕ್ಕೆ? ನಾನು ಅವಳನ್ನು ಬಿಟ್ಟು ಹೋಗಲಿಕ್ಕೆ. ನಾನು ಹೋದರೆ ನಾಳೆ ಆ ಕಲ್ಲಿನ ಎದುರು ಅವಳು ಒಬ್ಬಳೇ.

ಆಗ ನಾನೊಂದು ಜಾಣತನ ಮಾಡಿದೆ. ಮರೆಯತೊಡಗಿದೆ. ಬೇಕೆಂದೇ ಮರೆಯತೊಡಗಿದೆ. ನಿನ್ನೆ ಹಾಡಿದ ನುಡಿಯನ್ನು ಇಂದು ತಡವರಿಸುವುದು, ವಿಂಡೋ ಅಂದರೆ ಏನು ಎಂದು ಕೇಳಿದರೆ ಬಾಯಿ ಮುಚ್ಚಿ ಕೂರುವುದು. ಪರೀಕ್ಷೆಯಲ್ಲಿ ಸೋತರೆ ಇಲ್ಲೇ ಇರುತ್ತೇನೆ, ಅಕ್ಕನ ಜೊತೆ ಬೀಸುತ್ತೇನೆ, ಪಾಪ ತೀರುತ್ತದೆ ಎಂದು ಲೆಕ್ಕ. ಒಳಗೊಳಗೆ ಸೋಲಾಪುರಕ್ಕೆ ಹಂಬಲಿಸುತ್ತಲೇ ಹೊರಗೆ ತ್ಯಾಗಮೂರ್ತಿಯಾಗಿದ್ದೆ. ಮೂರನೆಯ ನಸುಕಿಗೆ ಅಕ್ಕ ಕಲ್ಲು ನಿಲ್ಲಿಸಿದಳು.

"ಖರೆ ಮರ್ತೀಯೋ, ನಾಟಕ ಮಾಡಾಕತ್ತೀಯೋ?"

ನಾನು ಅಳತೊಡಗಿದೆ. ನಿನ್ನೊಬ್ಬಳನ್ನೇ ಬಿಟ್ಟು ಹೋಗಲಾರೆ ಅಕ್ಕಾ ಎಂದೆ.

ಅವಳಿಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. "ಹುಚ್ಚಿ, ಇಟ್ಟು ದಿನ ನಾ ಬೀಸಿದ್ದೆಲ್ಲಾ ನೀರಾಗ ಹಾಕ್ತೀಯೇನು? ನೀ ಉಳದ್ರ ನನಗೇನ್ ಸಿಕ್ಕೀತು, ಅಳೂ ಮಾರಿ ಒಂದು. ನೀ ಹೋದ್ರ ನಾ ಬೀಸಿದ್ದು ಸೋಲಾಪುರ ಮುಟ್ಟತದ. ಅಲ್ಲಿಂದ ಹೊಸಾ ನುಡಿ ತಗೊಂಡು ಬಾ. ನನಗೂ ಹಾಡಾಕ ಬೇಕಲ್ಲ?" ಎಂದಳು. ಮತ್ತೆ ಕಲ್ಲಿಗೆ ಒಂದು ಹಿಡಿ ಜೋಳ ಹಾಕಿ, "ಹೂಂ, ವಿಂಡೋ ಅಂದರ?" ಎಂದಳು. ನಾನು ಕಿಟಕಿ ಎಂದೆ. ಹೊಸ ನುಡಿ ತರುತ್ತೇನೆ ಎಂದೂ ಅಂದೆ.

ದಸರೆಗೆ ಯಜಮಾನರು ಬಂದರು. ಊಟವಾದ ಮೇಲೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಳಿತು ನನ್ನನ್ನು ಕರೆದರು. ಅತ್ತೆ ಎಲೆ ಅಡಿಕೆ ಹಾಕಿಕೊಂಡು ತಮಾಷೆ ನೋಡಲು ಕುಳಿತರು. ಯಜಮಾನರು ಪುಸ್ತಕ ತೆರೆದರು, ಅದೂ ನಡುವಿಗೆ! ಅಲ್ಲಿಂದೊಂದು ಮಾತು, ಇಲ್ಲಿಂದೊಂದು ಮಾತು ಕೇಳತೊಡಗಿದರು. ನಾವು ಕಲಿತದ್ದು ಹಾಡು. ಹಾಡನ್ನು ನಡುವಿನಿಂದ ಹಿಡಿಯಲು ಬರುತ್ತದೆಯೆ? ಮೊದಲ ನುಡಿಯಿಂದ ಹೋದರೆ ಮಾತ್ರ ಮುಂದಿನದು ಬರುವುದು, ಅದೂ ಕೈ ತಿರುಗುತ್ತಿದ್ದರೆ, ಕಲ್ಲಿನ ಸದ್ದು ಕಿವಿಯಲ್ಲಿದ್ದರೆ. ಇಷ್ಟು ದಿನ ಕಲಿತೂ ಇದೊಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಒಂದು ಮಾತಿಗೂ ಅರ್ಥ ಬರಲಿಲ್ಲ. ಯಜಮಾನರ ಮುಖ ಸಣ್ಣದಾಯಿತು.

"ಏನೂ ಕಲ್ತಿಲ್ಲ ಹಂಗಾದ್ರ," ಎಂದು ಪುಸ್ತಕ ಮುಚ್ಚಲು ಹೋದರು.

ಆಗ ಒಳಗೆ ಬೀಸುಕಲ್ಲು ತಿರುಗಿತು.

ಆ ದಿನದ ಬೀಸುವುದು ನಸುಕಿನಲ್ಲೇ ಮುಗಿದಿತ್ತು. ಕಾಳಿನ ಕೋಣೆಯ ಕೀಲಿ ಅತ್ತೆಯ ಸೊಂಟದಲ್ಲಿ. ಅಕ್ಕ ತಿರುಗಿಸುತ್ತಿದ್ದದ್ದು ಖಾಲಿ ಕಲ್ಲು. ಕಾಳಿಲ್ಲದೆ ತಿರುಗುವ ಕಲ್ಲಿನ ಸದ್ದೇ ಬೇರೆ, ಕಲ್ಲು ಕಲ್ಲನ್ನು ಕೆರೆಯುವ ಸದ್ದು, ಹಲ್ಲು ಜುಮ್ಮೆನ್ನುತ್ತದೆ. ಖಾಲಿ ಕಲ್ಲು ತಿರುಗಿಸಿದ ಮನೆ ಬರಿದಾಗುತ್ತದೆ ಎಂದು ನಮ್ಮಲ್ಲಿ ಚಿಕ್ಕ ಹುಡುಗಿಯರಿಗೂ ಹೇಳಿ ಬೆಳೆಸುತ್ತಾರೆ. ಅಕ್ಕನಿಗೂ ಗೊತ್ತಿತ್ತು. ಆದರೂ ತಿರುಗಿಸಿದಳು, ನಮ್ಮ ಹಾಡಿನ ಓಟಕ್ಕೆ ಸರಿಯಾಗಿ, ಎಳೆಯುವಲ್ಲಿ ಎಳೆದು ನಿಲ್ಲಿಸುವಲ್ಲಿ ನಿಲ್ಲಿಸಿ. ಸೆರಗಿನ ಒಳಗೆ ನನ್ನ ಕೈ ತಿರುಗತೊಡಗಿತು. ಮೊದಲ ನುಡಿ ಬಂತು, ಅದರ ಹಿಂದೆ ಎರಡನೆಯದು. ಯಜಮಾನರು ಕೇಳಿದ ಮಾತಿನವರೆಗೆ ಮನಸ್ಸಿನಲ್ಲೇ ಹಾಡಿಕೊಂಡು ಹೋಗಿ ಅರ್ಥ ಹೇಳಿದೆ. ವಾಕ್ಯ ಕೇಳಿದರು, ಅಡುಗೆಮನೆಯಲ್ಲಿ ಆಡಿದ್ದನ್ನೇ ಜೋಡಿಸಿ ಹೇಳಿದೆ. ಪ್ರತಿ ಉತ್ತರಕ್ಕೂ ಮುಂಚೆ ನಾನು ಸುಮ್ಮನಿರುವುದನ್ನು ಕಂಡು, "ವಿಚಾರ ಮಾಡಿ ಹೇಳ್ತಾಳ," ಎಂದು ಅವರು ಮೆಚ್ಚಿಕೊಂಡರು.

ಅತ್ತೆಗೆ ಅಷ್ಟು ಹೊತ್ತು ಸದ್ದು ತಲೆಗೆ ಹೋಗಿರಲಿಲ್ಲ. ಹೋದೊಡನೆ ಎಲೆ ಉಗುಳಿ ಎದ್ದರು. "ಯವ್ವಾ, ಖಾಲಿ ಕಲ್ಲು! ಏ ಕೊಳಕೂರಾಕಿ, ಏನ್ ಬಂದದ ನಿನಗ? ಹಬ್ಬದ ದಿನ ಮನಿ ಬರಿದು ಮಾಡಾಕ ನಿಂತೀಯೇನು?" ಎಂದು ಒಳಗೆ ನುಗ್ಗಿದರು. ಅಕ್ಕನ ತಲೆಗೆ ಏಟೂ ಬಿತ್ತು. ನನಗೆ ಸದ್ದು ಕೇಳಿಸಿತು.

ನಾನು ಎದ್ದು ನಿಂತೆ. ಅದು ನನ್ನ ಸಲುವಾಗಿ ಎಂದು ಹೇಳಿದರೆ ಸಾಕಿತ್ತು. ಬಾಗಿಲಲ್ಲಿ ಅಕ್ಕ ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು, ಬೇಡ ಎಂದು. ಅವಳು ಬೇಡ ಎಂದದ್ದು ನಿಜ. ಅವಳು ಬೇಡ ಎಂದದ್ದು ನನಗೆ ಎಷ್ಟು ಅನುಕೂಲವಾಯಿತು ಎಂಬುದೂ ನಿಜ. ನಾನು ಕುಳಿತೆ. ಯಜಮಾನರು ನಗುತ್ತ, ಬರುವ ತಿಂಗಳು ಮನೆ ಹಿಡಿಯುತ್ತೇನೆ ಎಂದರು.

ನಾನು ಸೋಲಾಪುರದ ರೈಲು ಹಿಡಿಯಲು ಗಾಣಗಾಪುರ ಸ್ಟೇಷನ್ನಿಗೆ ಚಕ್ಕಡಿ ಹೊರಡುವ ಮುಂಚೆ ಮನೆಯ ಎಮ್ಮೆ ಸತ್ತ ಕರು ಹಾಕಿತು. ಇನ್ನು ಕೇಳಬೇಕೆ? ಅಂದಿನಿಂದ ಆ ಮನೆಯಲ್ಲಿ ಗಡಿಗೆ ಒಡೆದರೂ, ಹಾಲು ಒಡೆದರೂ ಕಾರಣ ಒಂದೇ, ಆ ಖಾಲಿ ಕಲ್ಲು. ಅತ್ತೆ ಅಕ್ಕನನ್ನು ಜಿಡಗಾದ ಮಠಕ್ಕೆ ಬರಿಗಾಲಲ್ಲಿ ನಡೆಸಿಕೊಂಡು ಹೋಗಿ ತಪ್ಪು ಕಾಣಿಕೆ ಒಪ್ಪಿಸಿದರು. ಆದರೂ ಮಾತು ನಿಲ್ಲಲಿಲ್ಲ. ಕೊಳಕೂರಾಕಿ ಎಂಬ ಹೆಸರೂ ಹೋಯಿತು. ಊರ ಬಾಯಲ್ಲಿ ಅವಳು ಖಾಲಿ ಕಲ್ಲಿನಾಕಿ ಆದಳು.

ನಾನೋ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಸೋಲಾಪುರದಲ್ಲಿ ನಲ್ಲಿ ನೀರು, ಗಿರಣಿ ಹಿಟ್ಟು. ನೆರೆಯವರೆಲ್ಲ ಮರಾಠಿ ಆಡುವವರು. ಯಜಮಾನರ ಗೆಳೆಯರು ಮನೆಗೆ ಬಂದ ದಿನ ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದು, ಪ್ಲೀಸ್ ಎನ್ನಬೇಕು. ಅವರು ಥ್ಯಾಂಕ್ಸ್ ಎಂದರೆ ನಗಬೇಕು. ಮುಗಿಯಿತು, ನನ್ನ ಇಂಗ್ಲಿಷಿನ ಬಳಕೆ ಅಷ್ಟೇ. ಆ ಗೆಳೆಯರ ಹೆಂಡಂದಿರಿಗೂ ಅಷ್ಟೇ ಬರುತ್ತಿತ್ತು ಎಂದು ಆಮೇಲೆ ತಿಳಿಯಿತು. ಡೋರು, ವಿಂಡೋ, ಸ್ನೋ ಇವನ್ನು ಯಾರೂ ಕೇಳಲಿಲ್ಲ. ಪುಸ್ತಕ ಸ್ವಲ್ಪ ದಿನ ಗೂಡಿನಲ್ಲಿತ್ತು. ಮಕ್ಕಳಾದ ಮೇಲೆ ಬೆಕ್ಕು ಬಾಯಿ ಹಾಕದಿರಲಿ ಎಂದು ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಭಾರಕ್ಕೆ ಇಡತೊಡಗಿದೆ. ಅದನ್ನು ಎತ್ತಿ ಇಡುವಾಗಲೆಲ್ಲ ಅಕ್ಕ ನೆನಪಾಗುತ್ತಿದ್ದಳು. ಆದರೂ ಅಲ್ಲೇ ಇಡುತ್ತಿದ್ದೆ.

ಹಬ್ಬಕ್ಕೆ ಊರಿಗೆ ಹೋದಾಗ ನಾನು ಅತಿಥಿ. ನಸುಕಿನಲ್ಲಿ ಕಲ್ಲಿನ ಸದ್ದು ಕೇಳಿದರೆ ಕೂಸಿಗೆ ಹಾಲೂಡಿಸುವ ನೆಪದಲ್ಲಿ ಮುಸುಕು ಎಳೆದುಕೊಳ್ಳುತ್ತಿದ್ದೆ. ಅಕ್ಕ ಕರೆಯಲಿಲ್ಲ, ನಾನು ಹೋಗಲಿಲ್ಲ.

ನಿಜಾಮರ ರಾಜ್ಯ ಮುಗಿದ ಮರುವರ್ಷ ಅತ್ತೆ ತೀರಿಕೊಂಡರು. ಹೋದೆ. ಅಂಗಳದಲ್ಲಿ ಕುಳಿತ ಹೆಂಗಸರಲ್ಲಿ ಒಬ್ಬಾಕೆ ಅತ್ತು ಮುಗಿಸಿ ಮೂಗು ಒರೆಸಿಕೊಳ್ಳುತ್ತ, "ಖಾಲಿ ಕಲ್ಲು ತಿರುವಿದ ಮನಿ ನೋಡವ್ವಾ, ಹ್ಯಾಂಗ ಉಳದೀತು?" ಎಂದಳು. ಅಕ್ಕ ಪಕ್ಕದಲ್ಲೇ ನೀರು ತುಂಬುತ್ತಿದ್ದಳು. ನನಗೆ ಎಲ್ಲಿಂದ ಧೈರ್ಯ ಬಂತೋ, ಗಟ್ಟಿಯಾಗಿ ಹೇಳಿದೆ.

"ಆ ಕಲ್ಲು ನನ್ನ ಸಲುವಾಗಿ ತಿರುವಿದ್ದು. ತಪ್ಪು ನಂದು, ಅಕಿದಲ್ಲ."

ಆ ಹೆಂಗಸೇ ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದು, "ನೋಡ್ರಿ, ಕಲ್ತಾಕಿ ಅಂದ್ರ ಹಿಂಗಿರಬೇಕು. ನೆಗೆಣ್ಣಿ ತಪ್ಪ ತನ್ನ ತಲಿ ಮ್ಯಾಲ ಹಾಕ್ಕೊಂತಾಳ!" ಎಂದಳು. ಎಲ್ಲರೂ ಹೌದ್ಹೌದು ಎಂದರು. ಇಷ್ಟು ವರ್ಷ ತಡೆದು ಆಡಿದ ಒಂದು ಖರೆ ಮಾತು ನನಗೇ ಹಾರವಾಗಿ ಬಿತ್ತು, ಅಕ್ಕನ ಕೆಟ್ಟ ಹೆಸರು ಇದ್ದಲ್ಲೇ ಉಳಿಯಿತು. ಅಕ್ಕ ಕೊಡ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ನಸುಕಿನಲ್ಲಿ ಕಲ್ಲಿನ ಸದ್ದು ಕೇಳಿತು. ಈ ಸಲ ಮುಸುಕು ಎಳೆಯಲಿಲ್ಲ, ಎದ್ದು ಹೋದೆ. ಬಾಗಿಲ ಬಳಿ ನಿಂತು ಕೇಳಿದೆ. ಕಲ್ಲಿಗೆ ಶರಣು ಹೇಳಿ ಆಮೇಲೆ ನಮ್ಮ ಪುಸ್ತಕ ಶುರುವಾಯಿತು. ವಾಟರ, ಡೋರ, ಫೈರ. ಒಂದು ನುಡಿಯೂ ಹಿಂದೆ ಮುಂದೆ ಆಗಿರಲಿಲ್ಲ. ನಾನು ಮರೆತು ಎಷ್ಟೋ ಕಾಲವಾಗಿದ್ದ ಮಾತುಗಳು, ಅವುಗಳ ಅರ್ಥ, ಎಲ್ಲ ಅವಳ ಬಾಯಲ್ಲಿ ಇದ್ದ ಹಾಗೇ ಇದ್ದವು. ಕೊನೆಯ ನುಡಿ ಮುಗಿಸಿ ಅವಳು ಮತ್ತೆ ಮೊದಲಿನದಕ್ಕೆ ಹೋದಳು.

ನನ್ನನ್ನು ಕಂಡು ಸರಿದು ಜಾಗ ಮಾಡಿದಳು. ನಾನು ಎದುರಿಗೆ ಕುಳಿತು ಗೂಟ ಹಿಡಿದೆ.

"ಬಂದ್ಯಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಹೊಸಾ ನುಡಿ ತಂದೀಯೇನು? ಇವು ಸವದ ಹೋದುವು ಬೇ, ದಿನಾ ಅವೇ ಅವೇ ಹಾಡಿ."

"ಸೀರಿ ತಂದೇನಿ ಅಕ್ಕಾ," ಎಂದೆ.

"ಸೀರಿ ಅದಾವ ನನಗ," ಎಂದಳು. ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿದಳು. ನಾನು ಗೂಟವನ್ನು ಜೋರಾಗಿ ಎಳೆದೆ. ಕಲ್ಲು ಅರ್ಧ ಸುತ್ತು ಬಂದು ನಿಂತಿತು. ಅವಳು ನನ್ನ ಅಂಗೈಯನ್ನು ಬಿಡಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿ, ನಕ್ಕು, ಗೂಟದಿಂದ ಪಕ್ಕಕ್ಕೆ ಇಟ್ಟಳು.

"ನೀ ಹಾಡು, ನಾ ಬೀಸ್ತೇನಿ," ಎಂದಳು.

ಕಲ್ಲು ತಿರುಗತೊಡಗಿತು. ಅವಳು ಕಾದಳು. ನನ್ನ ಹತ್ತಿರ ಹಾಡಲು ಏನೂ ಇರಲಿಲ್ಲ.